ಎರಡು ಕಿಲೋಮೀಟರಿನ ಗೋಡೆ

ನವೆಂಬರ್ ೧೮, ೧೯೭೮, ಶನಿವಾರ. ನಾಗಣಸೂರ

ಔಷಧಿ ಕಂಪನಿಯವರು ಜನವರಿಯಲ್ಲಿ ಕೊಟ್ಟ ಈ ಡೈರಿಯಲ್ಲಿ ಇಂದಿನವರೆಗೆ ಬರೆದದ್ದು ಒಂದೇ ಸಾಲು: ಸಾತಲಿಂಗಪ್ಪ, ಬೀಜ ಮತ್ತು ಬೆಳೆ ಔಷಧಿ ವ್ಯಾಪಾರಿ, ವಿಜಾಪುರ ರಸ್ತೆ, ಸೊಲ್ಲಾಪುರ. ಹತ್ತು ತಿಂಗಳ ಖಾಲಿ ಹಾಳೆ ಕಂಡರೆ ಬಾಡಿಗೆದಾರರಿಲ್ಲದ ಮನೆ ಕಂಡಂತೆ ಹೊಟ್ಟೆ ಉರಿಯುತ್ತದೆ. ಇವತ್ತು ವಿಮಾನ ಓಡಿಸುವ ಕ್ಯಾಪ್ಟನ್ ಕಲ್ಯಾಣಪ್ಪ ದಿನಾ ನೋಡಿದ್ದನ್ನು ಬರೆದಿಡಿ ಎಂದದ್ದರಿಂದ ಅದಕ್ಕೊಂದು ಗತಿ ಸಿಕ್ಕಿತು. ನೋಡಿದ್ದರ ಜೊತೆ ಅನ್ನಿಸಿದ್ದನ್ನೂ ಬರೆಯುತ್ತೇನೆ. ಮಕ್ಕಳು ಮರಾಠಿ ಶಾಲೆಯಲ್ಲಿ ಕಲಿತವರು, ಕನ್ನಡ ಅಕ್ಷರ ಅವರಿಗೆ ಜಿಲೇಬಿ ಇದ್ದಂತೆ. ಬೀಗ ಹಾಕುವುದಕ್ಕಿಂತ ಇದು ಭದ್ರ.

ನಾಗಣಸೂರಿನ ಸುತ್ತ ಸಾವಿರದ ನೂರು ಎಕರೆ ತೊಗರಿ ಒಂದೇ ಪಟ್ಟಿಯಲ್ಲಿ ನಿಂತಿದೆ. ಕಾಯಿಗೆ ಹುಳ ಬಿದ್ದಿದೆ. ಬೆಳೆ ಆಳೆತ್ತರ, ಬೆನ್ನಿಗೆ ಪಂಪು ಕಟ್ಟಿಕೊಂಡು ಒಳಹೊಕ್ಕವನು ಎಲ್ಲಿದ್ದಾನೆಂದು ಅವನ ಹೆಂಡತಿಗೂ ತಿಳಿಯದು. ವಿಮಾನದಿಂದ ಔಷಧಿ ಹೊಡೆಸುವ ಮಾತನ್ನು ನಾನೇ ಎತ್ತಿದೆ. ಸೊಸಾಯಟಿಯ ಚೇರಮನ್ ನಿಂಗಣ್ಣನನ್ನು ಒಪ್ಪಿಸಲು ಎರಡು ದಿನ ಹಿಡಿಯಿತು, ಊರನ್ನು ಒಪ್ಪಿಸಲು ಒಂದು ಸಂಜೆ. ಅಕ್ಕಲಕೋಟೆಯ ಎಸ್.ಟಿ. ಬಸ್ಸಿಗಿಂತ ಹೊತ್ತಿಗೆ ಸರಿಯಾಗಿ ವಿಮಾನ ಬರುತ್ತದೆ ಎಂದೆ. ಬಸ್‌ಸ್ಟ್ಯಾಂಡಿನಲ್ಲಿ ಕೂಗಿ ಕೂಗಿ ಮಾರಿ ಬೆಳೆದವನು ನಾನು. ಹಲ್ಲಿಲ್ಲದ ಮುದುಕನಿಗೆ ದಂತಮಂಜನ ಕೊಟ್ಟಿದ್ದೇನೆ. ಮೊಮ್ಮಗನಿಗೆಂದಲ್ಲ, ಅವನಿಗೇ.

ಸಾಹೇಬನೊಬ್ಬ ಬರುತ್ತಾನೆಂದು ಊರು ಕಾದಿತ್ತು. ಜೀಪಿನಿಂದ ಇಳಿದದ್ದು ವಿಜಾಪುರ ಕಡೆಯ ಕಲ್ಯಾಣಪ್ಪ. ಮೂವತ್ತು ದಾಟಿಲ್ಲ. ಇಳಿದವನೇ ಸಜ್ಜೆ ರೊಟ್ಟಿ ಸಿಗುತ್ತದೇನು ಎಂದು ಕೇಳಿದ. ಹೆಂಗಸರಿಗೆ ಬಹಳ ನಿರಾಸೆಯಾಯಿತು.

ವಿಮಾನದ ವಸ್ತಿ ಸೊಲ್ಲಾಪುರದ ಹೋಟಗಿ ರಸ್ತೆಯ ವಿಮಾನತಳದಲ್ಲಿ. ಮುಂಜಾನೆ ಇಲ್ಲಿಗೆ ಬಂದು, ನಾವು ಸಪಾಟು ಮಾಡಿದ ಬೀಳು ಹೊಲದಲ್ಲಿ ಇಳಿದು, ಔಷಧಿ ತುಂಬಿಕೊಂಡು ಏರಬೇಕು. ಎರಡು ಕಿಲೋಮೀಟರು ಕಾಣದಿದ್ದರೆ ಇಳಿಯುವಂತಿಲ್ಲ, ಏರುವಂತೆಯೂ ಇಲ್ಲ. ಅದು ಅವನ ಕಂಪನಿಯ ನಿಯಮ. ಈ ದಿನಗಳಲ್ಲಿ ಮುಂಜಾನೆ ಮಂಜು. ಬಿಸಿಲು ಏರಿದ ಮೇಲೆ ಗಾಳಿ. ಗಾಳಿಯಲ್ಲಿ ಹೊಡೆದ ಔಷಧಿ ನಮ್ಮ ತೊಗರಿಯನ್ನು ಬಿಟ್ಟು ಪಕ್ಕದೂರಿನ ಬಾವಿ ಸೇರುತ್ತದೆ. ಮಂಜು ಕರಗಿ ಗಾಳಿ ಏಳುವುದರೊಳಗೆ ಸಿಗುವ ಒಂದೂವರೆ ತಾಸೇ ಕೆಲಸದ ಹೊತ್ತು. ಹವಾಮಾನ ಕಚೇರಿ ಹಿಂದಿನ ಸಂಜೆ ಅಂದಾಜು ಹೇಳುತ್ತದೆ. ಆದರೆ ಅದು ಇಡೀ ಜಿಲ್ಲೆಯ ಅಳತೆಗೆ ಹೊಲಿದ ಅಂಗಿ. ನಾಗಣಸೂರಿನ ಮೈಗೆ ಹೊಂದಿತೋ ಇಲ್ಲವೋ, ಇಲ್ಲಿ ನಿಂತವನೇ ನೋಡಿ ಫೋನಿನಲ್ಲಿ ಹೇಳಬೇಕು. ಆ ಕೆಲಸದ ಮನುಷ್ಯ ಕಾಮಾಲೆ ಹಿಡಿದು ಮಲಗಿದ್ದಾನಂತೆ. ನಾನು ನೋಡ್ತೀನಿ ಎಂದೆ. ನೋಡಿ ಹೇಳುವುದರಲ್ಲಿ ನೋಡುವುದೇನು ಕಷ್ಟ, ಹೇಳುವುದು ನನ್ನ ಹುಟ್ಟುಗುಣ.

ಜೀಪಿನ ಮೀಟರಿನಿಂದ ಗುರುತು ಹಾಕಿದೆವು. ಅರ್ಧ ಕಿಲೋಮೀಟರಿಗೆ ಬಾವಿಯ ಮೋಟರ್ ಕೋಣೆ. ಒಂದಕ್ಕೆ ಬೇವಿನ ಮರ. ಎರಡಕ್ಕೆ ಲಕ್ಷ್ಮೀಬಾಯಿಯ ದನದ ಕೊಟ್ಟಿಗೆಯ ಸುಣ್ಣದ ಗೋಡೆ. ಮೂರಕ್ಕೆ ದಿನ್ನೆಯ ಗುಡಿಯ ಮೇಲೆ ಹಾರುವ ನಿಶಾನೆ. ಗೋಡೆ ಕಂಡರೆ ವಿಮಾನ ಉಂಟು, ಕಾಣದಿದ್ದರೆ ಇಲ್ಲ. ಫೋನು ಸೊಸಾಯಟಿಯ ಗೋದಾಮಿನಲ್ಲಿದೆ, ನನ್ನ ಹಾಸಿಗೆಯೂ ಅಲ್ಲೇ.

ಡಿಸೆಂಬರ್ ಮೂರಕ್ಕೆ ವಿಮಾನ ಖಾನದೇಶದ ಹತ್ತಿಗೆ ಹೊರಟುಹೋಗುತ್ತದೆ. ಅಷ್ಟರೊಳಗೆ ಔಷಧಿ ಕಾಣದ ತೊಗರಿ ಹುಳದ ಪಾಲು.

ಹಾಳೆಯ ನಡುವೆ ಗೆರೆ ಎಳೆದು ಎರಡು ಮನೆ ಮಾಡಿದ್ದೇನೆ: ಕಂಡದ್ದು, ಹೇಳಿದ್ದು. ಎರಡೂ ಒಂದೇ ಇರಬೇಕೆಂದು ಕ್ಯಾಪ್ಟನ್ ಹೇಳಿಲ್ಲ. ಪಾಪ, ಅದೂ ಹೇಳಬೇಕಾದ ಮಾತು ಎಂದು ಅವನಿಗೆ ಹೊಳೆದಿರಲಿಕ್ಕಿಲ್ಲ.

ನವೆಂಬರ್ ೨೦, ಸೋಮವಾರ

ಕಂಡದ್ದು: ಬೇವಿನ ಮರ, ಅದೂ ಟೊಂಗೆಯಿಲ್ಲದೆ. ಹೇಳಿದ್ದು: ಗೋಡೆ.

ಮೊದಲ ದಿನ. ಅರ್ಧ ಊರು ನನ್ನ ಬೆನ್ನ ಹಿಂದೆ ನಿಂತಿದೆ. ಇಲ್ಲ ಎಂದು ಹೇಗೆ ಬೋಣಿ ಮಾಡಲಿ? ಕ್ಯಾಪ್ಟನ್ ಹೊರಟು ಬರುವಷ್ಟರಲ್ಲಿ ಮಂಜು ಹರಿದಿರುತ್ತದೆ ಎಂದು ಲೆಕ್ಕ ಹಾಕಿದೆ. ನಾಳೆ ಬರುವ ಮಾಲನ್ನು ಇವತ್ತೇ ಇದೆ ಅನ್ನುವುದು ವ್ಯಾಪಾರದಲ್ಲಿ ಸುಳ್ಳಲ್ಲ.

ವಿಮಾನದ ಸದ್ದು ಬಂತು, ವಿಮಾನ ಬರಲಿಲ್ಲ. ಸದ್ದು ನಮ್ಮ ತಲೆಯ ಮೇಲೆ ಮೂರು ಸುತ್ತು ಹಾಕಿತು. ಮೂರನೆಯ ಸಲ ಎಷ್ಟು ಕೆಳಗೆ ಬಂತೆಂದರೆ ಗೋದಾಮಿನ ಪಕ್ಕದ ಮನೆಯ ಮರೆಪ್ಪನ ಎಮ್ಮೆ ಹಗ್ಗ ಹರಿದುಕೊಂಡು ಓಡಿತು. ಆಮೇಲೆ ವಳಸಂಗದ ಕಡೆಗೆ ಕರಗಿಹೋಯಿತು. ಔಷಧಿ ಹೊಡೆದದ್ದು ಮುಗಿಯಿತೇನು ಎಂದು ಮರೆಪ್ಪ ಕೇಳಿದ.

ಸಂಜೆ ಕ್ಯಾಪ್ಟನ್ ಜೀಪಿನಲ್ಲಿ ಬಂದ. ಚಹಾ ಕುಡಿದು ಮುಗಿಸಿದ. ಆಮೇಲೆ ಮೆಲ್ಲಗೆ, "ಬೇವಿನ ಗಿಡ ನನ್ನ ಬಲಕ್ಕ ಇರಬೇಕಿತ್ರಿ. ಎಡಕ್ಕ ಬಂತು. ಎಲಿ ಕಂಡ್ವು" ಎಂದ.

ಬೈದಿದ್ದರೆ ನನ್ನಲ್ಲಿ ಉತ್ತರವಿತ್ತು. ಬೈಯುವವರ ಮುಂದೆ ನಾನು ಇದುವರೆಗೆ ಸೋತಿಲ್ಲ.

"ಸಾವಕಾರ್ರ, ಅಂಗಡ್ಯಾಗ ಒಂದು ಮಾತಿಗೆ ಎಷ್ಟು ಸೇರಿಸಿ ಹೇಳ್ತೀರಿ?"

"ಕಾಲು ಪಾಲು. ಗಿರಾಕಿ ಅಷ್ಟು ಹೊಡದ ಕೇಳತಾನಲ್ರಿ."

"ಹಂಗಾದ್ರ ನಾನೂ ಕಾಲು ಪಾಲು ಹೊಡದ ಕೇಳ್ತೀನಿ."

ಈ ಮಾತು ನನಗೆ ಹಿಡಿಸಿತು. ಹುಡುಗನಿಗೆ ವ್ಯವಹಾರ ಗೊತ್ತಿದೆ.

ನವೆಂಬರ್ ೨೧

ಕಂಡದ್ದು: ಗೋಡೆ. ಹೇಳಿದ್ದು: ಗೋಡೆ.

ತೊಳೆದಿಟ್ಟ ತಾಟಿನಂಥ ಮುಂಜಾನೆ. ಗೋಡೆಯ ಪಕ್ಕ ಕಟ್ಟಿದ ದನ ಕೂಡ ಕಾಣುತ್ತಿತ್ತು. ಎರಡು ಕಿಲೋಮೀಟರು ಎಂದೆ. ಆ ಕಡೆಯಿಂದ ಅವನು, ಕಾಲು ಪಾಲು ಹೋದರೆ ಒಂದೂವರೆ, ನಿಯಮಕ್ಕೆ ಅರ್ಧ ಕಡಿಮೆ ಎಂದ. ಬರಲಿಲ್ಲ. ಇದು ಖರೇ ರೇಟು ಎಂದು ಒದರಿದೆ. ಎಲ್ಲ ಅಂಗಡಿಯವರೂ ಹಾಗೇ ಹೇಳುತ್ತಾರೆ ಎಂದ.

ನವೆಂಬರ್ ೨೨

ಕಂಡದ್ದು: ಗೋಡೆ. ಹೇಳಿದ್ದು: ನಿಶಾನೆ.

ನಿನ್ನೆಯ ಪಾಠ ಕಲಿತು ಇಂದು ರೇಟು ಏರಿಸಿದೆ. ಮೂರು ಕಿಲೋಮೀಟರು ಎಂದರೆ ಕಾಲು ಕಳೆದು ಎರಡೂ ಕಾಲು ಉಳಿಯುತ್ತದೆ; ನಿಯಮವೂ ಉಳಿಯಿತು, ಅವನ ಮಾತೂ ಉಳಿಯಿತು. ಬರೀ ನಿಶಾನೆ ಕಂಡಿತು ಎಂದರೆ ನಂಬಲಿಕ್ಕಿಲ್ಲ ಎನ್ನಿಸಿ ಮಾಲಿಗೆ ಒಂದಿಷ್ಟು ಬಣ್ಣ ಬಳಿದೆ: "ಭಗವಾ ನಿಶಾನಿ ಪಟಪಟ ಹಾರಾಕತ್ತೈತ್ರಿ."

"ಅಷ್ಟು ಗಾಳಿ ಇದ್ರ ಔಷಧಿ ಹೊಡ್ಯಾಕ ಬರೂದಿಲ್ಲ" ಎಂದು ಫೋನಿಟ್ಟ.

ಇಲ್ಲಿ ಒಂದು ಎಲೆ ಅಲುಗುತ್ತಿರಲಿಲ್ಲ.

ನಿಂಗಣ್ಣ ಬಂದು ನನ್ನ ಅಂಗೈ ಹಿಡಿದು ಬಿಚ್ಚಿದ ಕಾಯೊಂದನ್ನು ಇಟ್ಟ. ಮೂರು ಕಾಳು. ಎರಡು ಬರಿ ಸಿಪ್ಪೆ. ಮೂರನೆಯದರಿಂದ ಹುಳ ತಲೆ ಹೊರಹಾಕಿ ಯಾರು ಕರೆದದ್ದು ಎಂಬಂತೆ ನೋಡಿತು. "ಸಾತಲಿಂಗಪ್ಪಾ, ಮಾತಾಡೇ ವಿಮಾನ ತರಿಸಿದಿ, ಮಾತಾಡೇ ಹೊಳ್ಳಿ ಕಳಸಾಕತ್ತಿ" ಎಂದ. ಅವನ ನಲವತ್ತು ಎಕರೆ ಪಟ್ಟಿಯ ಕಟ್ಟಕಡೆಗಿದೆ.

ನವೆಂಬರ್ ೨೩

ಕಂಡದ್ದು: ಮೋಟರ್ ಕೋಣೆ. ಹೇಳಿದ್ದು: ಮೋಟರ್ ಕೋಣೆ.

ಕ್ಯಾಪ್ಟನ್ ಬರೆದುಕೊಂಡೆ ಎಂದ. ಇಡೀ ಮಾತುಕತೆ ಹತ್ತು ಶಬ್ದ ದಾಟಲಿಲ್ಲ. ಬೆತ್ತಲೆ ಮಾಲನ್ನು ಕಾಗದ ಸುತ್ತದೆ ಕೈಗೆ ಕೊಟ್ಟಂತೆ ನಾಚಿಕೆಯಾಯಿತು.

ನವೆಂಬರ್ ೨೪, ಶುಕ್ರವಾರ

ಕಂಡದ್ದು: ಮೋಟರ್ ಕೋಣೆ, ಬೇವು, ನಿಶಾನೆ. ಗೋಡೆ ಇಲ್ಲ. ಹೇಳಿದ್ದು: ಅದೇ.

ಒಂದು ಕಿಲೋಮೀಟರು ಸ್ವಚ್ಛ, ಮೂರು ಕಿಲೋಮೀಟರು ಸ್ವಚ್ಛ, ನಡುವಿನ ಎರಡು ಮಾತ್ರ ನಾಪತ್ತೆ. ಕಣ್ಣುಜ್ಜಿಕೊಂಡು ನೋಡಿದೆ, ಮರೆಪ್ಪನಿಗೂ ತೋರಿಸಿದೆ. ಅವನು, ಮೊನ್ನೆ ಇತ್ತಲ್ಲ ಎಂದ. ಗೋಡೆ ಕಂಡಿತು ಎಂದುಬಿಟ್ಟರೆ ಯಾರಿಗೂ ಅನ್ಯಾಯವಿರಲಿಲ್ಲ. ನಿಶಾನೆಯೇ ಕಾಣುವಾಗ ಗೋಡೆಯ ಗತಿ ಯಾರು ಕೇಳುತ್ತಾರೆ? ಆದರೂ ಬಾಯಿಗೆ ಬಂದದ್ದು ಕಂಡದ್ದೇ.

"ನಡುವ ಅಷ್ಟ ಮಂಜಿನ ಧುಕಿ ನಿಂತೈತೇನ್ರಿ?" ಎಂದ ಕ್ಯಾಪ್ಟನ್.

"ಧುಕಿ ಇಲ್ರಿ. ಗ್ವಾಡಿನ ಇಲ್ಲ."

ಆ ಕಡೆ ನಗು ಕೇಳಿಸಿತು. "ಸುಳ್ಳು ಹೇಳಾವ ಇಂಥಾ ಸುಳ್ಳು ಹೇಳೂದಿಲ್ಲ. ಬರ್ತೀನಿ."

ಬಂದ. ಹಳದಿ ವಿಮಾನ ಬೀಳು ಹೊಲದಲ್ಲಿ ಧೂಳೆಬ್ಬಿಸಿ ಇಳಿದಾಗ ಮಕ್ಕಳಿಗಿಂತ ಮುಂಚೆ ಓಡಿದವನು ನಿಂಗಣ್ಣ. ಐದು ಸಲ ತುಂಬಿ ಐದು ಸಲ ಹಾರಿ, ಗಾಳಿ ಏಳುವುದರೊಳಗೆ ಇನ್ನೂರು ಎಕರೆ.

ಮಧ್ಯಾಹ್ನ ಗೋಡೆ ಹುಡುಕಿಕೊಂಡು ಹೋದೆ. ಗೋಡೆ ತನ್ನ ಜಾಗದಲ್ಲೇ ಇತ್ತು. ಲಕ್ಷ್ಮೀಬಾಯಿ ಮೇಲಿನಿಂದ ಕೆಳಗಿನವರೆಗೆ ಒಂದಂಗುಲ ಬಿಡದೆ ಸೆಗಣಿಯ ಕುಳ್ಳು ಬಡಿದಿದ್ದಳು. ಸಾಲು ಸಾಲು, ಪ್ರತಿ ಕುಳ್ಳಿನ ಮೇಲೂ ಅವಳ ಐದು ಬೆರಳು. ಮಣ್ಣಿನ ಬಣ್ಣದ ಹೊಲದಲ್ಲಿ ಮಣ್ಣಿನ ಬಣ್ಣದ ಗೋಡೆ.

ಈ ಗೋಡೆ ನೋಡಿಯೇ ವಿಮಾನ ಬರುವುದು ಎಂದು ವಿವರಿಸಿದೆ. ಅವಳು ಸೆಗಣಿಯ ಕೈ ಸೊಂಟಕ್ಕಿಟ್ಟುಕೊಂಡು ಪೂರ್ತಿ ಕೇಳಿದಳು.

"ಅಂಗಡಿ ಅಣ್ಣಾ, ಆ ವಿಮಾನದಾಂವಗ ಇಷ್ಟು ದೊಡ್ಡ ಊರು ಕಾಣೂದಿಲ್ಲ, ನನ್ನ ಗ್ವಾಡಿ ಕಾಣತೈತಿ?"

ಇಬ್ಬರೂ ಸ್ವಲ್ಪ ಹೊತ್ತು ಜಗ್ಗಾಡಿ ಅರ್ಧ ಗೋಡೆಗೆ ಒಪ್ಪಿದೆವು: ಅರ್ಧ ವಿಮಾನಕ್ಕೆ, ಅರ್ಧ ಅವಳ ಒಲೆಗೆ. ನನ್ನ ಪಾಲಿನ ಕುಳ್ಳು ಕೀಳುವ ಕೆಲಸ ನನ್ನದೇ. ಬಿಳಿ ಅಂಗಿಯಲ್ಲಿ ನೂರಾ ಅರವತ್ತೆರಡು ಕುಳ್ಳು ಕಿತ್ತು, ಸುಣ್ಣ ಬಳಿದು, ಬಾವಿಯಲ್ಲಿ ಕೈ ತೊಳೆದು ಬಂದೆ. ಅವಳ ನಾಲ್ಕು ಎಕರೆಯೂ ಪಟ್ಟಿಯ ಕೊನೆಗೇ ಇದೆ ಎಂದು ಆಗ ತಿಳಿಯಿತು. ಅದಕ್ಕಾಗಿ ಅವಳು ಒಂದು ಮಾತೂ ಕೇಳಿರಲಿಲ್ಲ.

ನವೆಂಬರ್ ೨೭, ಸೋಮವಾರ

ಅರ್ಧ ಗೋಡೆ, ನಿಶಾನೆ, ಗಾಳಿ ಇಲ್ಲ. ನಾಲ್ಕು ದಿನಕ್ಕೆ ಎಂಟುನೂರು ಎಕರೆ ಆಯಿತು.

ಹಾಳೆಯ ನಡುವೆ ಗೆರೆ ಎಳೆಯುವುದನ್ನು ಬಿಟ್ಟಿದ್ದೇನೆ. ಅದದೇ ಎರಡು ಸಲ ಬರೆಯುವುದು ಶಾಯಿ ದಂಡ.

ಔಷಧಿಯ ಡಬ್ಬಿ ತರಲು ಮಧ್ಯಾಹ್ನ ಸೊಲ್ಲಾಪುರಕ್ಕೆ ಹೋಗಿದ್ದೆ. ಅಂಗಡಿಗೆ ವಳಸಂಗದ ಖಂಡಪ್ಪ ಬಂದಿದ್ದ. ಹತ್ತು ವರ್ಷದ ಗಿರಾಕಿ. ಇದನ್ನು ಹೊಡೆದರೆ ನಾಳೆಗೆ ಹುಳ ಸಾಯುತ್ತದೇನು ಎಂದು ಕೇಳಿದ. ನಾಳೆಗೆ ಇಲ್ಲ, ಮೂರು ದಿನ ಬೇಕು, ಬಲಿತ ಹುಳ ಸಾಯುವುದೂ ಇಲ್ಲ ಎಂದೆ. ಅವನು ನನ್ನನ್ನೇ ನೋಡಿದ, ಡಬ್ಬಿಯ ಕಡೆ ನೋಡಿದ, ಹಾಗಾದರೆ ನಾಳೆ ಬರ್ತೀನಿ ಎಂದು ಹೋದ. ಬೆಳಗಿನ ಐದಕ್ಕೆ ಎದ್ದೂ ಎದ್ದೂ ನಾಲಿಗೆಗೆ ದಣಿವಾಗಿರಬೇಕು.

ಊಟಕ್ಕೆ ಸುಮಿತ್ರಾಬಾಯಿ ಶೇಂಗಾ ಹೋಳಿಗೆ ಮಾಡಿದ್ದಳು. ಎಂಟು ದಿನದ ಮೇಲೆ ಮನೆಗೆ ಬಂದ ಗಂಡ. ಹೆಂಗ ಆಗ್ಯಾವು ಎಂದು ಕೇಳಿದಳು. ತುಸು ಬಿರುಸಾಗ್ಯಾವು ಎಂದೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ. ಬಡಿಸಲು ಹಿಡಿದಿದ್ದ ಎರಡನೆಯ ಹೋಳಿಗೆ ಹೊಳ್ಳಿ ಡಬ್ಬಿಗೆ ಹೋಯಿತು. ನಾಗಣಸೂರಿಗೆ ಕಟ್ಟಿಕೊಟ್ಟದ್ದು ಬರೀ ರೊಟ್ಟಿ, ಚಟ್ನಿ.

ನವೆಂಬರ್ ೨೮

ಮೋಟರ್ ಕೋಣೆ.

ನವೆಂಬರ್ ೩೦

ಮೋಟರ್ ಕೋಣೆ. ಒಂಬತ್ತೂವರೆಗೆ ಬೇವು. ಹತ್ತಕ್ಕೆ ಎಲ್ಲ, ಆದರೆ ಗಾಳಿಯೂ.

ಡಿಸೆಂಬರ್ ೧

ಅದೇ. ಮುನ್ನೂರು ಎಕರೆ ಉಳಿದಿದೆ. ನಿಂಗಣ್ಣ ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ನಾನು ನೋಡುವುದನ್ನು ಅವನೂ ನೋಡುತ್ತಾನೆ, ಆದರೆ ಅವನಿಗೆ ಯಾವಾಗಲೂ ನನಗಿಂತ ಅರ್ಧ ಕಿಲೋಮೀಟರು ಹೆಚ್ಚು ಕಾಣುತ್ತದೆ.

ನಾಳೆ ಕೊನೆಯ ದಿನ. ಹವಾಮಾನ ಕಚೇರಿಯ ಅಂದಾಜನ್ನು ಕ್ಯಾಪ್ಟನ್ ಓದಿ ಹೇಳಿದ: ಎಂಟೂವರೆಯವರೆಗೆ ಮಂಜು, ಒಂದು ಕಿಲೋಮೀಟರು, ಆಮೇಲೆ ಸುಧಾರಣೆ, ಒಂಬತ್ತೂವರೆಯಿಂದ ಗಾಳಿ. ಅಂದರೆ ಒಂದು ತಾಸು. ಒಂದು ತಾಸಿಗೆ ನೂರಾ ಮೂವತ್ತು ಎಕರೆಯಾದರೂ ಆಗುತ್ತದೆ.

ಡಿಸೆಂಬರ್ ೨, ಶನಿವಾರ

ಆರಕ್ಕೆ ಏನೂ ಇಲ್ಲ. ಏಳಕ್ಕೆ ಮೋಟರ್ ಕೋಣೆ. ಎಂಟಕ್ಕೆ ಬೇವು. ಎಂಟೂವರೆಗೂ ಬೇವೇ.

ಔಷಧಿ ಕಲಸಿ ಇಟ್ಟಿತ್ತು. ಉಳಿದ ಮುನ್ನೂರು ಎಕರೆಯವರೆಲ್ಲ ಗೋದಾಮಿನ ಬಾಗಿಲಲ್ಲಿದ್ದರು. ಲಕ್ಷ್ಮೀಬಾಯಿ ಹೊಲದಿಂದ ನೇರ ನಡೆದು ಬಂದು ಹೊಸ್ತಿಲ ಹೊರಗೆ ನಿಂತಳು.

ಎಂಟೂ ಮುಕ್ಕಾಲಿಗೆ ಕ್ಯಾಪ್ಟನ್ನೇ ಫೋನು ಮಾಡಿದ. ಸೊಲ್ಲಾಪುರದಲ್ಲಿ ನಾಲ್ಕು ಕಿಲೋಮೀಟರು ಸ್ವಚ್ಛ ಇದೆಯಂತೆ. ಅವನಿಗೂ ಕೆಲಸ ಮುಗಿಸದೆ ಹೋಗಲು ಮನಸ್ಸಿಲ್ಲ.

"ಎಂಜಿನ್ ಬಿಸಿ ಮಾಡಿ ಇಟ್ಟೀನಿ. ನೀವು ಹೂಂ ಅಂದ್ರ ಹೊರಡ್ತೀನಿ. ನಿಮ್ಮ ಮಾತಿನ್ಯಾಗ ಕಾಲು ಹೊಡ್ಯೂದು ಬಿಟ್ಟು ಎಂಟು ದಿನ ಆತು."

ಇದನ್ನು ಅವನು ಹೇಳಬಾರದಿತ್ತು. ಕಾಲು ಕಡಿಮೆ ಮಾಡಿಕೊಳ್ಳುವ ಗಿರಾಕಿಯ ಮುಂದೆ ಧೈರ್ಯವಾಗಿ ಏನು ಬೇಕಾದರೂ ಹೇಳಬಹುದು. ಪೂರಾ ನಂಬುವವನು ಬಹಳ ತೊಂದರೆಯ ಗಿರಾಕಿ.

ಬೇವಿನ ಗಿಡ ಅಷ್ಟ ಎಂದೆ. ಆಗ ನಿಂಗಣ್ಣ ನನ್ನ ಕೈಯಿಂದ ಫೋನು ಕಿತ್ತುಕೊಂಡ.

"ಕ್ಯಾಪ್ಟನ್‌ಸಾಬ್ರ, ನಾನು ಚೇರಮನ್ ನಿಂಗಣ್ಣ. ಗ್ವಾಡಿ ಕಾಣಾಕತ್ತೈತಿ. ಬರ್ರಿ."

ಆ ಕಡೆಯವನು ಏನೆಂದನೋ, ನಿಂಗಣ್ಣನ ಮುಖ ಸಣ್ಣದಾಯಿತು. ಫೋನನ್ನು ನನ್ನ ಕಡೆ ಚಾಚಿದ. ಎರಡೂ ಕೈಯಲ್ಲಿ ಹಿಡಿದು ಚಾಚಿದ. ಅವನು ಬೈದದ್ದನ್ನು ಕೇಳಿದ್ದೇನೆ, ಕೂಗಾಡಿದ್ದನ್ನೂ ಕೇಳಿದ್ದೇನೆ, ಬೇಡಿದ್ದನ್ನು ಇವತ್ತೇ ನೋಡಿದ್ದು.

"ಹೌದೇನ್ರಿ, ಸಾವಕಾರ್ರ?"

ಬಾಗಿಲಲ್ಲಿದ್ದವರು ತಾವಾಗಿ ಸರಿದು ದಾರಿ ಬಿಟ್ಟರು. ತಂತಿ ಎಷ್ಟು ದೂರ ಬರುತ್ತದೋ ಅಷ್ಟು ದೂರ ಹೋಗಿ ನೋಡಿದೆ. ಬೇವಿನಾಚೆ ಹೊಲವೂ ಇಲ್ಲ, ಆಕಾಶವೂ ಇಲ್ಲ.

"ಇಲ್ರಿ. ಬೇವಿನ ಗಿಡ ಐತಿ. ಅದರಾಚೆ ಏನೂ ಇಲ್ಲ."

ಹತ್ತು ಹತ್ತು ನಿಮಿಷಕ್ಕೆ ಫೋನು ಮಾಡಿದೆ. ಒಂಬತ್ತು. ಒಂಬತ್ತು ಹತ್ತು. ಒಂಬತ್ತು ಇಪ್ಪತ್ತು. ಒಂಬತ್ತು ಐವತ್ತಕ್ಕೆ ಗೋಡೆಯ ಬಿಳಿ ಅರ್ಧ ಕಂಡಿತು, ಅದರ ಹಿಂದೆಯೇ ದಿನ್ನೆ, ದಿನ್ನೆಯ ಮೇಲೆ ನಿಶಾನೆ, ಕೋಲಿಗೆ ನೇರ ಅಡ್ಡವಾಗಿ. ಬೇವಿನ ಟೊಂಗೆಗಳು ಆಗಲೇ ಓಲಾಡುತ್ತಿದ್ದವು. ಕಂಡದ್ದಷ್ಟನ್ನೂ ಹೇಳಿದೆ.

"ಬರಕೊಂಡೆ" ಎಂದ. ಆದರೆ ಫೋನು ಇಡಲಿಲ್ಲ. ನಾನೂ ಇಡಲಿಲ್ಲ. ಅಕ್ಕಲಕೋಟೆಯ ಎಕ್ಸ್‌ಚೇಂಜಿನ ಜನಾಬಾಯಿ ನಡುವೆ ಬಂದು ಮಾತು ಮುಗಿಯಿತೇನು ಎಂದು ಕೇಳಿದ ಮೇಲೆ ಇಬ್ಬರೂ ಇಟ್ಟೆವು.

ಹೊರಗೆ ಬಂದಾಗ ಯಾರೂ ಇರಲಿಲ್ಲ. ಲಕ್ಷ್ಮೀಬಾಯಿ ಮಾತ್ರ ನಿಂತಿದ್ದಳು. "ನಮ್ಮ ಹೊಲದಿಂದ ನನಗೂ ಈ ಗೋದಾಮ ಕಂಡಿರಲಿಲ್ಲ" ಎಂದಳು. ನನಗೆ ಹೇಳಿದಳೋ ಗಾಳಿಗೆ ಹೇಳಿದಳೋ ತಿಳಿಯದು. ಸೆರಗು ಬಿಗಿದುಕೊಂಡು ತನ್ನ ನಾಲ್ಕು ಎಕರೆಯ ಕಡೆ ನಡೆದಳು.

ಹಾಸಿಗೆ ಸುತ್ತಿಕೊಂಡು ಹನ್ನೊಂದರ ಬಸ್ಸಿಗೆ ಬಂದೆ. ನಿಲ್ದಾಣದವರೆಗೆ ಯಾರೂ ಕಳಿಸಲು ಬರಲಿಲ್ಲ. ಬಂದ ದಿನ ಹಲಗೆ ಬಾರಿಸಿದ್ದರು.

ಡಿಸೆಂಬರ್ ೫, ಮಂಗಳವಾರ. ಸೊಲ್ಲಾಪುರ

ಮೂರು ದಿನದಿಂದ ನಾಗಣಸೂರಿನವರು ಅಂಗಡಿಯ ಮುಂದೆ ಹಾದರೂ ಒಳಗೆ ಬರುವುದಿಲ್ಲ. ಒಂದೂರು ಕೈಬಿಟ್ಟಿತು ಎಂದು ಮನಸ್ಸಿನಲ್ಲೇ ಗೆರೆ ಎಳೆದಿದ್ದೆ.

ಹನ್ನೊಂದರ ಹೊತ್ತಿಗೆ ನಿಂಗಣ್ಣ ಬಂದ. ಹಿಂದೆ ಏಳೆಂಟು ಜನ ರಸ್ತೆಯಲ್ಲೇ ನಿಂತರು. ಜಗಳಕ್ಕೆ ಬಂದಿದ್ದಾರೆಂದು ನಾನು ಚಷ್ಮಾ ತೆಗೆದಿಟ್ಟೆ.

ಅವನು ಕೂರಲಿಲ್ಲ. ಉಳಿದ ಮುನ್ನೂರು ಎಕರೆಗೆ ಕೈ ಪಂಪು ಹಿಡಿದು ಒಳಹೋಗುತ್ತೇವೆ ಎಂದ. ತಲೆಗೆ ಬಟ್ಟೆ ಕಟ್ಟಿಕೊಂಡು, ಸಾಲಿಗೊಬ್ಬರಂತೆ, ಒಬ್ಬರನ್ನೊಬ್ಬರು ಕೂಗುತ್ತ ಹೋದರೆ ಕಳೆದುಹೋಗುವುದಿಲ್ಲವಂತೆ. ಎಂಟು ದಿನದ ಕೆಲಸ.

"ಇಷ್ಟು ಹೇಳು, ಸಾತಲಿಂಗಪ್ಪಾ. ಮಾಡಿದ್ರ ತೊಗರಿ ಉಳೀತೈತೇನು?"

ಈ ಪ್ರಶ್ನೆಗೆ ನನ್ನಲ್ಲಿ ಮೂವತ್ತು ವರ್ಷದಿಂದ ಉತ್ತರ ಸಿದ್ಧವಿದೆ. ಅದಕ್ಕೆ ತಕ್ಕ ನಗೆ ಇದೆ, ಭುಜ ತಟ್ಟುವ ರೀತಿಯೂ ಇದೆ.

"ಗೊತ್ತಿಲ್ಲ" ಎಂದೆ. "ಹುಳ ಬಲತಾವು. ಸ್ವಲ್ಪರೇ ಉಳದೀತು. ಎಷ್ಟು ಅನ್ನೂದು ಗೊತ್ತಿಲ್ಲ."

ನಿಂಗಣ್ಣ ನನ್ನ ಮುಖ ನೋಡಿದ. ಆಮೇಲೆ ತಲೆಯ ರುಮಾಲು ಬಿಚ್ಚಿ ಮೇಜಿನ ಮೇಲಿಟ್ಟು, ಬೆಂಚಿನ ಮೇಲೆ ಕೂತು, ಹೊರಗಿನವರಿಗೆ ಒಳಗ ಬರ್ರಿ ಎಂದು ಕೂಗಿದ.

ಅವರಿಗೆ ಹನ್ನೊಂದು ಪಂಪು ಬೇಕಿದ್ದವು. ನನ್ನಲ್ಲಿ ಇದ್ದದ್ದು ಏಳು. ಉಳಿದ ನಾಲ್ಕು ಎದುರಿನ ಪೀರಪ್ಪನ ಅಂಗಡಿಯಲ್ಲಿವೆ, ಅವನ ಪಂಪಿನ ತೊಗಲಿನ ವಾಷರು ನನ್ನದಕ್ಕಿಂತ ಗಟ್ಟಿ, ನಾಲ್ಕೂ ಅಲ್ಲೇ ತೊಗೊಳ್ರಿ ಎಂದು ಕೈ ಮಾಡಿ ತೋರಿಸಿದೆ.

ಒಳಮನೆಯ ಪರದೆ ಸರಿಯಿತು. ಸುಮಿತ್ರಾಬಾಯಿ ಅಷ್ಟು ಗಂಡಸರ ನಡುವೆಯೇ ಬಂದು, ನನ್ನ ಹಣೆಯ ಮೇಲೆ ಕೈಯಿಟ್ಟು ನೋಡಿದಳು. ಜ್ವರವೇನೂ ಇರಲಿಲ್ಲ.